ಏರುಪೇರು ಅಂದರೆ ಏರಿದೆಯೋ, ಇಳಿದಿದೆಯೋ?

ಬ್ಯಾಲೆನ್ಸ್ ತಪ್ಪುವುದಕ್ಕೆ ಕನ್ನಡದಲ್ಲಿ ಏನಂತಾರೆ ಅಂತ ಮಕ್ಕಳು ಕೇಳಿದರೆ, ನಾವು ‘ಅಸಮತೋಲನ’ ಅಂತ ಹೇಳಿ ಕೈತೊಳೆದುಕೊಳ್ಳುತ್ತೇವೆ. ತಪ್ಪೇನಿಲ್ಲ. ತೋಲನ ಅಂದರೆ ತೂಗುವುದು. ತುಲಾಭಾರದ ‘ತುಲಾ’ ಇದರ ನೆಂಟ. ಹಾಗಾಗಿ ಇದು ತಕ್ಕಡಿ ಹಿಡಿದವರ ಮಾತು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕರ್ನಾಟಕದ ಪ್ರಾದೇಶಿಕ ಅಸಮತೋಲನದ ಬಗ್ಗೆ ವರದಿ ಕೊಟ್ಟಾಗ, 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ ಎಂದು ಹೇಳಿತು. ಕೊರತೆ ಎಲ್ಲಿ, ಎಷ್ಟು ಅಂತ ಅನುಮಾನವೇ ಇಲ್ಲ.

ಆದರೆ ಮನೆಯಲ್ಲಿ ಯಾರಾದರೂ “ನನ್ನ ಬಿಪಿ ಅಸಮತೋಲನವಾಗಿದೆ” ಅಂದದ್ದು ಕೇಳಿದ್ದೀರಾ? ಅಲ್ಲಿ ಬರುವುದು ‘ಏರುಪೇರು’. ಷೇರುಪೇಟೆಯ ಏರಿಳಿತದಲ್ಲಿ ಏರೂ ಉಂಟು, ಇಳಿತವೂ ಉಂಟು. ಏರುಪೇರಿನಲ್ಲಿ ಕಿವಿಗೆ ಬೀಳುವುದು ಏರು ಮಾತ್ರ, ಇಳಿದಾಗಲೂ ಅದೇ ಮಾತು! ‘ಹೆಚ್ಚುಕಮ್ಮಿ’ಯೂ ಅಂಥದ್ದೇ. “ಏನಾದರೂ ಹೆಚ್ಚುಕಮ್ಮಿ ಆದರೆ” ಎನ್ನುವಲ್ಲಿ ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ, ಬಾಯಲ್ಲಿ ಹೇಳಲಾಗದ ಭಯ ಇದೆ.

(ಆಯುರ್ವೇದದಲ್ಲಿ ವಾತ, ಪಿತ್ತ, ಕಫಗಳ ಸಮ ತಪ್ಪಿದರೆ ‘ವೈಷಮ್ಯ’. ಅದೇ ಪದ ಕನ್ನಡದಲ್ಲಿ ಹಗೆತನವಾಗಿ ಕೂತಿದೆ. ವಿಷಮದಲ್ಲಿ ವಿಷ ಇಲ್ಲ, ಸಮ ಇಲ್ಲದ್ದು ಅಷ್ಟೆ.)

ದೂರದಲ್ಲಿರುವ ನಮಗೆ ಇದು ಬರೀ ಪದಗಳ ಆಟವಲ್ಲ. ಕಳೆದ ವರ್ಷ ಒಂದು ರಾತ್ರಿ ಇಲ್ಲಿ ಸ್ಟಾಫರ್ಡಿನಲ್ಲಿ ಊಟ ಮುಗಿಸಿ ಮೈಸೂರಿಗೆ ಫೋನ್ ಮಾಡಿದಾಗ, ಅಮ್ಮ “ಶುಗರ್ ಸ್ವಲ್ಪ ಏರುಪೇರು ಕಣೋ, ಗಾಬರಿ ಏನಿಲ್ಲ” ಅಂದರು. ಏರಿದ್ದರೆ ಅನ್ನ ಕಡಿಮೆ ಮಾಡಿ, ವಾಕಿಂಗ್ ಹೋಗಿ ಅನ್ನಬೇಕು. ಇಳಿದಿದ್ದರೆ ಮೊದಲು ಸಕ್ಕರೆ ಬಾಯಿಗೆ ಹೋಗಬೇಕು. ಎರಡಕ್ಕೂ ಅಜಗಜಾಂತರ!

“ಏರಿದೆಯೋ, ಇಳಿದಿದೆಯೋ ಅಮ್ಮ?” ಅಂದೆ.

“ಇಳಿದಿದೆ. ಬೆಳಗಾಗೆದ್ದು ಕೈ ನಡುಗಿ ಬೆವರಿತು. ಮಿಷನ್ನು 58 ತೋರಿಸಿತು.”

70ರ ಕೆಳಗೆ ಹೋದರೆ ಕಾಯುವಂತಿಲ್ಲ. ಫೋನ್ ಇಡದೆ ಸಕ್ಕರೆ ನೀರು ಕುಡಿಸಿದ್ದಾಯಿತು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದ್ದಾಯಿತು. ಆಮೇಲೆ ಡಾಕ್ಟರು ಮಾತ್ರೆಯ ಡೋಸ್ ಇಳಿಸಿದರು.

ಈಗ ಅಮ್ಮ ಏರುಪೇರಿನ ಗೊಡವೆಗೇ ಹೋಗುವುದಿಲ್ಲ. ಹಲೋ ಅಂದ ತಕ್ಷಣ “ಇವತ್ತು 112. ನಿಮ್ಮನೇಲಿ ಏನು ಸಾರು?”