ಬುತ್ತಿಯ ಹಣಕ್ಕೆ ಕೈಹಾಕಿದ ದೊರೆ

1094ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್ ಕಡಲತೀರದಲ್ಲಿ 20,000 ಕಾಲಾಳುಗಳು ಬಂದು ಸೇರಿದರು. ಇದು ಆ ಕಾಲದ ವೃತ್ತಾಂತಕಾರರು ಕೊಡುವ ಲೆಕ್ಕ, ಸ್ವಲ್ಪ ಉಬ್ಬಿಸಿದ್ದರೂ ಇರಬಹುದು. ನಾರ್ಮಂಡಿಯಲ್ಲಿ ಒಡಹುಟ್ಟಿದ ಅಣ್ಣನ ಮೇಲೆಯೇ ಕತ್ತಿ ಹಿರಿದಿದ್ದ ದೊರೆ ಎರಡನೆಯ ವಿಲಿಯಂನ ನೆರವಿಗೆ ಅವರೆಲ್ಲ ಹಡಗು ಹತ್ತಬೇಕಿತ್ತು. ಹತ್ತಲಿಲ್ಲ. ದೊರೆಯ ಬಲಗೈ ಬಂಟ ರಾನುಲ್ಫ್ ಫ್ಲಾಂಬಾರ್ಡ್ ಬಂದ. ಊಟದ ಖರ್ಚಿಗೆಂದು ಅವರು ತಂದಿದ್ದ ಹಣದಲ್ಲಿ ತಲೆಗೆ ಹತ್ತು ಶಿಲಿಂಗಿನಂತೆ ಕಿತ್ತುಕೊಂಡು, ಇನ್ನು ಮನೆಗೆ ಹೋಗಿ ಎಂದ. ಒಟ್ಟು 10,000 ಪೌಂಡ್!

ಆ ಹಣ ದೊರೆಯದಾಗಿರಲಿಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ.

ಅದು ಹೇಗೆಂದು ತಿಳಿಯಲು ಎರಡು ಶತಮಾನ ಹಿಂದಕ್ಕೆ ಹೋಗಬೇಕು. ನಾರ್ಮನ್ನರಿಗಿಂತ ಮೊದಲು ಇಂಗ್ಲೆಂಡಿನಲ್ಲಿ ಆಳಿದ ಸಾಕ್ಸನ್ನರ ದಂಡಿಗೆ ಶತ್ರುವಿನಷ್ಟೇ ಕಾಟ ಕೊಟ್ಟದ್ದು ಹಸಿವು. 893ರಲ್ಲಿ ಆಲ್‌ಫ್ರೆಡ್ ದೊರೆಯ ಪಡೆ ಕೋಲ್ನ್ ನದಿಯ ನಡುಗಡ್ಡೆಯೊಂದರಲ್ಲಿ, ದಾಳಿಗೆ ಬಂದಿದ್ದ ಡೇನರನ್ನು ಮುತ್ತಿ ಕೂತಿತ್ತು. ಡೇನರ ನಾಯಕ ಗಾಯಗೊಂಡಿದ್ದರಿಂದ ಅವರು ಕದಲುವಂತಿರಲಿಲ್ಲ. ಇನ್ನೇನು ಸಿಕ್ಕಿಬಿದ್ದರು ಎನ್ನುವಾಗ ಮುತ್ತಿದವರೇ ಗಂಟುಮೂಟೆ ಕಟ್ಟಿದರು. ಬುತ್ತಿ ಖಾಲಿ, ಸರದಿಯೂ ಮುಗಿದಿತ್ತು. ಅರ್ಧ ಜನ ದಂಡಿನಲ್ಲಿ, ಅರ್ಧ ಜನ ಮನೆಯಲ್ಲಿ ಎಂದು ಪಾಳಿ ಹಾಕಿದವನು ಆಲ್‌ಫ್ರೆಡನೇ. ಬದಲಿ ಪಡೆಯೊಂದಿಗೆ ಅವನಿನ್ನೂ ದಾರಿಯಲ್ಲಿದ್ದ.

ಕೋಟೆಗಳ ಲೆಕ್ಕದಲ್ಲಿ ಮಾತ್ರ ಅವನ ವಂಶದವರು ಗಟ್ಟಿಗರು. ಒಂದು ಕುಟುಂಬ ಬದುಕುವಷ್ಟು ಜಮೀನಿಗೆ ಹೈಡ್ ಎನ್ನುತ್ತಿದ್ದರು. ಕೋಟೆ ಕಾಯಲು ಹೈಡಿಗೊಬ್ಬ ಆಳು, ಹದಿನಾರೂವರೆ ಅಡಿ ಗೋಡೆಗೆ ನಾಲ್ವರು. ವಿಂಚೆಸ್ಟರ್ ಪಟ್ಟಣಕ್ಕೆ ಗೊತ್ತುಮಾಡಿದ್ದು 2,400 ಹೈಡ್. ಲೆಕ್ಕ ಹಾಕಿದರೆ 9,900 ಅಡಿ ಗೋಡೆ. ಅಲ್ಲಿನ ಹಳೆಯ ರೋಮನ್ ಗೋಡೆಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ.

ನಡುವೆ ಡೇನರು ಗೆದ್ದು ಆಳಿದ ಕಥೆಯನ್ನು ಬಿಟ್ಟು ಹನ್ನೊಂದನೆಯ ಶತಮಾನದ ಎಡ್ವರ್ಡ್ ದೊರೆಯ ಕಾಲಕ್ಕೆ ಬರೋಣ. ಬರ್ಕ್‌ಷೈರ್‌ನ ಆಗಿನ ಪದ್ಧತಿ 1086ರ ಡೂಮ್ಸ್‌ಡೇ ಎಂಬ ಭೂದಾಖಲೆಯಲ್ಲಿದೆ. ಐದು ಹೈಡಿಗೆ ಒಬ್ಬ ಸೈನಿಕ. ಅವನ ಎರಡು ತಿಂಗಳ ಖರ್ಚಿಗೆ ಹೈಡಿಗೆ ನಾಲ್ಕು ಶಿಲಿಂಗ್. ಈ ಹಣ ದೊರೆಗೆ ಹೋಗುವುದಿಲ್ಲ, ಸೈನಿಕನ ಕೈಗೇ ಸೇರುತ್ತದೆ ಎಂದು ಬರೆದವರು ಬಿಡಿಸಿ ಹೇಳಿದ್ದಾರೆ.

1066 ಎಂದರೆ ಎಡ್ವರ್ಡನ ನಂತರ ದೊರೆಯಾದ ಹೆರಾಲ್ಡನ ಕಣ್ಣಿಗೆ ನಾಟಿತೆನ್ನುವ ಬಾಣದ ಬಗ್ಗೆಯೇ ಪುಟಗಟ್ಟಲೆ ಬರೆಯುತ್ತಾರೆ. ಬೇಸಿಗೆಯಿಡೀ ಕರಾವಳಿ ಕಾದ ಅವನ ದಂಡು ಸೆಪ್ಟೆಂಬರ್ 8ರಂದು ದವಸ ಮುಗಿದು ಚದುರಿದ್ದು ಯಾರಿಗೂ ಬೇಡ. ಇಪ್ಪತ್ತೇ ದಿನಕ್ಕೆ ನಾರ್ಮಂಡಿಯ ವಿಲಿಯಂ ಬಂದಿಳಿದ, ಇಂಗ್ಲೆಂಡನ್ನು ಗೆದ್ದ.

ಅವನ ಮಗನೇ ನಮ್ಮ ಎರಡನೆಯ ವಿಲಿಯಂ. ಸಾಕ್ಸನ್ನರ ಪದ್ಧತಿಯಲ್ಲಿ ಅವನ ಕಣ್ಣು ಬಿದ್ದದ್ದು ಆಳಿನ ಮೇಲಲ್ಲ, ಆಳಿನ ಜೇಬಿನ ಮೇಲೆ. ಬುತ್ತಿ ಕಳೆದುಕೊಂಡವರಲ್ಲಿ ಒಬ್ಬನ ಹೆಸರೂ ಉಳಿದಿಲ್ಲ. ವಸೂಲಿಗೆ ಬಂದಿದ್ದ ರಾನುಲ್ಫ್ 1099ರಲ್ಲಿ ಡರಮ್‌ನ ಬಿಷಪ್ ಆದ.