ಸರ್ವರಿಗೆ ಎಷ್ಟು ಬಾಗಿಲು?

ಮೂಲೆ ಸೇರಿದ ಹಳೆಯ ಗಣಕವೊಂದಕ್ಕೆ ಓಪನ್‌ಬಿಎಸ್‌ಡಿ ಹಾಕಿ, ಸ್ಥಿರ ಐಪಿ ವಿಳಾಸ ಕೊಟ್ಟು ಅಂತರಜಾಲಕ್ಕೆ ಜೋಡಿಸಿದರೆ ಅದನ್ನು ಸರ್ವರಾಗಿ ಬಳಸಬಹುದು. ಯುನಿಕ್ಸ್ ಮಾದರಿಯ ಈ ಮುಕ್ತ ಕಾರ್ಯಾಚರಣ ವ್ಯವಸ್ಥೆಯನ್ನು 1995ರಲ್ಲಿ ಕೆನಡದಲ್ಲಿ ಥಿಯೊ ಡಿ ರಾಟ್ ಆರಂಭಿಸಿದರು. ತಂತ್ರಾಂಶ ಉಚಿತ, ವಿದ್ಯುತ್ತು ಮತ್ತು ಸಂಪರ್ಕಕ್ಕಷ್ಟೇ ಖರ್ಚು.

ಸರ್ವರ್ ಓಡತೊಡಗಿದ ಮೇಲೆ ಅದರ 'ಆಥ್‌ಲಾಗ್' ಕಡತವನ್ನು ತೆರೆದು ನೋಡಿ. ವಿಳಾಸವನ್ನು ನೀವು ಯಾರಿಗೂ ಹೇಳಿರದಿದ್ದರೂ 'ರೂಟ್', 'ಅಡ್ಮಿನ್', 'ಟೆಸ್ಟ್' ಎಂಬ ಹೆಸರುಗಳಲ್ಲಿ ಯಾರೋ ಒಳನುಗ್ಗಲು ಯತ್ನಿಸಿರುವುದು ಕಾಣುತ್ತದೆ. ಇದು ವಿಳಾಸಗಳನ್ನು ಸಾಲಾಗಿ ತಟ್ಟುತ್ತ ಹೋಗುವ ಪ್ರೋಗ್ರಾಂಗಳ ಕೆಲಸ. ಐಪಿ ನಾಲ್ಕನೆಯ ಆವೃತ್ತಿಯಲ್ಲಿರುವುದು ಸುಮಾರು 430 ಕೋಟಿ ವಿಳಾಸ. ವೇಗದ ಸಂಪರ್ಕವಿರುವ ಒಂದೇ ಗಣಕ ಒಂದು ಗಂಟೆಯೊಳಗೆ ಅಷ್ಟನ್ನೂ ತಟ್ಟಿಬರಬಲ್ಲದೆಂದು 2013ರಲ್ಲೇ ತೋರಿಸಲಾಗಿದೆ. ಹೀಗಿರುವಾಗ 'ನನ್ನ ಪುಟ್ಟ ಸರ್ವರನ್ನು ಯಾರು ಹುಡುಕಿಯಾರು?' ಎಂದು ನಿಶ್ಚಿಂತರಾಗಿರುವಂತಿಲ್ಲ.

ಅವು ತಟ್ಟುವ ಬಾಗಿಲಿಗೆ ಪೋರ್ಟ್ ಎಂದು ಹೆಸರು. ಪೋರ್ಟ್ ಎಂಬುದು ಬರಿಯ ಸಂಖ್ಯೆ. ಟಿಸಿಪಿಯಲ್ಲಿ 65,535ರವರೆಗೆ ಈ ಸಂಖ್ಯೆಗಳಿವೆ. ಒಂದು ಸಂಖ್ಯೆಗೆ ಕಿವಿಗೊಟ್ಟು ಯಾವುದಾದರೂ ಪ್ರೋಗ್ರಾಂ ಕುಳಿತಿದ್ದರೆ ಮಾತ್ರ ಆ ಬಾಗಿಲು ತೆರೆದಂತೆ. ಜಾಲತಾಣಕ್ಕೆ 80 ಮತ್ತು 443, ದೂರದಿಂದ ಗಣಕವನ್ನು ನಿರ್ವಹಿಸಲು 22, ಇಷ್ಟು ಸಾಕು. ಓಪನ್‌ಬಿಎಸ್‌ಡಿಯಲ್ಲಿ ಹೆಚ್ಚಿನ ಸೇವೆಗಳು ಮೊದಲಿಗೆ ಮುಚ್ಚಿಯೇ ಇರುತ್ತವೆ. ಬೇಕಾದುದನ್ನು ನಾವೇ ತೆರೆಯಬೇಕು. ನನ್ನ ಮಟ್ಟಿಗೆ ಇದೇ ಅದರ ದೊಡ್ಡ ಗುಣ. ಅದರ ವೆಬ್ ಸರ್ವರ್ ಕಡತವ್ಯವಸ್ಥೆಯ ಒಂದು ಕೋಣೆಯೊಳಗೆ ಬಂದಿಯಾಗಿ ಓಡುತ್ತದೆ. ಅದರ ಮೂಲಕ ಯಾರಾದರೂ ನುಸುಳಿದರೂ ಹೊರಗಿನ ಕಡತಗಳು ಅವರ ಕಣ್ಣಿಗೆ ಬೀಳುವುದಿಲ್ಲ.

ಹೆಚ್ಚು ಪೆಟ್ಟು ಬೀಳುವುದು 22ನೆಯ ಬಾಗಿಲಿಗೆ. ಎಂಟು ಸಣ್ಣಕ್ಷರಗಳ ಗುಪ್ತಪದಗಳು 26ರ ಎಂಟನೆಯ ಘಾತದಷ್ಟು, ಅಂದರೆ ಸುಮಾರು 20,900 ಕೋಟಿ. ಸೆಕೆಂಡಿಗೆ ಸಾವಿರದಂತೆ ಊಹಿಸಿದರೆ ಎಲ್ಲವನ್ನೂ ಮುಗಿಸಲು ಆರೂವರೆ ವರ್ಷ ಬೇಕು. ಆದರೆ ಜನ ಇಡುವುದು ಮಕ್ಕಳ ಹೆಸರನ್ನೋ ಊರಿನ ಹೆಸರನ್ನೋ! ಅಂಥವು ನಿಮಿಷಗಳಲ್ಲಿ ಸಿಕ್ಕಿಬೀಳುತ್ತವೆ. ಗುಪ್ತಪದದ ಬದಲು ಎಡ್25519 ಮಾದರಿಯ ಕೀಲಿಜೋಡಿ ಬಳಸಿದರೆ ಅದನ್ನು ಭೇದಿಸಲು ಸುಮಾರು 2ರ 128ನೆಯ ಘಾತದಷ್ಟು ಹಂತಗಳು ಬೇಕು. ಸೆಕೆಂಡಿಗೆ ಒಂದು ಲಕ್ಷ ಕೋಟಿ ಹಂತ ನಡೆಸಿದರೂ ವಿಶ್ವದ ಈವರೆಗಿನ ವಯಸ್ಸಿನ 70 ಕೋಟಿ ಪಟ್ಟಿಗೂ ಮಿಕ್ಕಿದ ಕಾಲ ಹಿಡಿಯುತ್ತದೆ. ಆದ್ದರಿಂದ ಗುಪ್ತಪದದ ಪ್ರವೇಶವನ್ನು ಪೂರ್ತಿ ನಿಲ್ಲಿಸಿಬಿಡುವುದು ಲೇಸು.

ಇನ್ನು ತೇಪೆಗಳು. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ. ನಡುವೆ 'ಸಿಸ್‌ಪ್ಯಾಚ್' ಎಂಬ ಆದೇಶ ಕೊಟ್ಟರೆ ಹೊಸ ತೇಪೆಗಳು ಕೂರುತ್ತವೆ.

ಮುಕ್ತ ತಂತ್ರಾಂಶದ ಆಕರವನ್ನು ಯಾರು ಬೇಕಾದರೂ ಓದಬಹುದು, ಹಾಗಾಗಿ ಅದು ಸುರಕ್ಷಿತ ಎಂಬ ಮಾತಿದೆ. ಓದುವವರಿದ್ದರೆ ಸರಿ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಲಿನಕ್ಸ್ ಗಣಕದಲ್ಲಿ ಎಸ್‌ಎಸ್‌ಎಚ್ ಪ್ರವೇಶಕ್ಕೆ ಅರ್ಧ ಸೆಕೆಂಡಿನಷ್ಟು ಹೆಚ್ಚು ಸಮಯ ಹಿಡಿಯುತ್ತಿರುವುದನ್ನು ಗಮನಿಸಿದರು. ಕಾರಣ ಹುಡುಕುತ್ತ ಹೋದಾಗ 'ಎಕ್ಸ್‌ಜೆಡ್' ಎಂಬ ಕಡತ ಕುಗ್ಗಿಸುವ ತಂತ್ರಾಂಶದಲ್ಲಿ ಕಳ್ಳಬಾಗಿಲು ಸಿಕ್ಕಿತು! ಎರಡು ವರ್ಷಕ್ಕೂ ಹೆಚ್ಚು ಕಾಲ ಸಹಾಯಕನಂತೆ ದುಡಿದು ನಂಬಿಕೆ ಗಳಿಸಿದ್ದ ವ್ಯಕ್ತಿಯೇ ಅದನ್ನು ಅಡಗಿಸಿದ್ದ. ಕೆಲವು ಲಿನಕ್ಸ್ ವಿತರಣೆಗಳು ಎಸ್‌ಎಸ್‌ಎಚ್‌ಗೆ ತಾವೇ ಮಾಡಿಕೊಂಡಿದ್ದ ಮಾರ್ಪಾಡಿನಿಂದಾಗಿ ಎಕ್ಸ್‌ಜೆಡ್ ಅದರೊಳಗೆ ಸೇರಿಕೊಂಡಿತ್ತು. ಓಪನ್‌ಬಿಎಸ್‌ಡಿಯ ಎಸ್‌ಎಸ್‌ಎಚ್ ಅದನ್ನು ಬಳಸುವುದೇ ಇಲ್ಲವಾದ್ದರಿಂದ ಅಲ್ಲಿ ಆ ಬಾಗಿಲಿರಲಿಲ್ಲ.