ಅರಗಾ ಗೇಟಿನ ಈಚೆಯ ಕಾರವಾರ

ಕಾರವಾರಕ್ಕೆ ಜಾಗ ಕಡಿಮೆ. ಉತ್ತರ ಕನ್ನಡ ಜಿಲ್ಲೆಯ ಈ ಕೇಂದ್ರಕ್ಕೆ ಬಡಗಣದಲ್ಲಿ ಕಾಳಿ ನದಿ, ಪಡುವಣದಲ್ಲಿ ಅರಬ್ಬಿ ಸಮುದ್ರ, ಮೂಡಣದಲ್ಲಿ ಗುಡ್ಡ ಮತ್ತು ಕಾಡು. ಬೆಳೆಯಲು ಉಳಿದದ್ದು ತೆಂಕಣ ದಿಕ್ಕೊಂದೇ. ಆ ಕಡೆ ಹೆದ್ದಾರಿ 66ರಲ್ಲಿ ಬಿಣಗಾ ದಾಟಿ ಅರಗಾ ಮುಟ್ಟುವಷ್ಟರಲ್ಲಿ ನೌಕಾನೆಲೆಯ ಕಾಂಪೌಂಡು ಎದುರಾಗುತ್ತದೆ. ಅಲ್ಲಿಂದ ಅಂಕೋಲಾ ಕಡೆಗೆ ಹೋದಷ್ಟೂ ಗೋಡೆ, ಮುಳ್ಳುತಂತಿ, ಫೋಟೊ ತೆಗೆಯಬಾರದೆಂಬ ಫಲಕ. 11 ಸಾವಿರ ಎಕರೆಗೂ ಹೆಚ್ಚು ನೆಲ ಮತ್ತು ಸುಮಾರು 26 ಕಿ.ಮೀ. ಕಡಲತೀರ ಆ ಗೋಡೆಯ ಆಚೆಗಿದೆ. 2011ರ ಜನಗಣತಿಯಲ್ಲಿ ಲಕ್ಷವೂ ಮುಟ್ಟದ ಊರೊಂದು ದೇಶದ ಅತಿ ದೊಡ್ಡ ನೌಕಾನೆಲೆಗಳಲ್ಲೊಂದರ ಪಕ್ಕ ಕೂತು ತನ್ನ ವ್ಯಾಪಾರ ಬೆಳೆಸಿಕೊಳ್ಳಲು ನೋಡುತ್ತಿದೆ.

ಹೊರಗಿನವರನ್ನು ಕರೆತರುವ ಕೆಲಸ ಕಾರವಾರಕ್ಕೆ ಹೊಸತಲ್ಲ. 1638ರಲ್ಲಿ ಇಂಗ್ಲಿಷ್ ವರ್ತಕ ವಿಲಿಯಂ ಕೋರ್ಟೀನನ ಮಂದಿ ಮೆಣಸು, ಬಟ್ಟೆಗಾಗಿ ಇಲ್ಲಿ ಕೋಠಿ ತೆರೆದರು. 1665ರಲ್ಲಿ ಶಿವಾಜಿಯ ಸೈನ್ಯ ಬಂದು ಕಾಣಿಕೆ ವಸೂಲು ಮಾಡಿಕೊಂಡು ಹೋಯಿತು. 1862ರಲ್ಲಿ ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ ಸೇರಿದ ಮೇಲೆ ಧಾರವಾಡ ಸೀಮೆಯ ಹತ್ತಿಯನ್ನು ಹಡಗಿಗೇರಿಸುವ ದೊಡ್ಡ ಬಂದರಿನ ಕನಸು ಕಟ್ಟಲಾಯಿತು. ಕೊನೆಗೆ ರೈಲು ಹೋದದ್ದು ಪೋರ್ಚುಗೀಸರ ಮುರಗಾಂವಿಗೆ. 1883ರ ಹೊತ್ತಿಗೆ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದ ರವೀಂದ್ರನಾಥ ಟ್ಯಾಗೋರರು ‘ಪ್ರಕೃತಿರ ಪ್ರತಿಶೋಧ’ ನಾಟಕ ಬರೆದರು. ಊರಿನ ಕಡಲತೀರಕ್ಕೆ ಅವರದೇ ಹೆಸರು. ಪ್ರವಾಸಿ ಕರಪತ್ರಗಳಲ್ಲಿ ಇಷ್ಟೆಲ್ಲ ಇರುತ್ತದೆ. ತಪ್ಪಿಹೋದ ರೈಲಿನ ಮಾತು ಮಾತ್ರ ಇರುವುದಿಲ್ಲ, ಊರಿಗೆ ಇಂದಿಗೂ ನಾಟಿರುವ ಮುಳ್ಳು ಅದೇ ಆದರೂ.

ಮುಂಬೈ ಬಂದರಿನಲ್ಲಿ ಯುದ್ಧನೌಕೆಗಳಿಗೆ ವಾಣಿಜ್ಯ ಹಡಗುಗಳ ಜತೆ ನುಗ್ಗಾಡಬೇಕಾದ ಪರಿಸ್ಥಿತಿ ಇದ್ದುದರಿಂದ 1980ರ ದಶಕದ ಆರಂಭದಲ್ಲಿ ಪಶ್ಚಿಮ ಕರಾವಳಿಯಲ್ಲಿ ಬೇರೆ ನೆಲೆ ಹುಡುಕಲಾಯಿತು. ಅಡ್ಮಿರಲ್ ಒ.ಎಸ್. ಡಾಸನ್ ಅವರ ಕಾಲದಲ್ಲಿ ಕಣ್ಣು ಬಿದ್ದದ್ದು ಕಾರವಾರದ ಮೇಲೆ. ಬೆನ್ನಿಗೆ ಸಹ್ಯಾದ್ರಿ, ಎದುರಿಗೆ ಅಲೆ ತಡೆಯುವ ದ್ವೀಪಗಳು, ಆಳದ ನೀರು, ಪಾಕಿಸ್ತಾನದ ಯುದ್ಧವಿಮಾನಗಳಿಗೆ ನಿಲುಕದ ದೂರ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಶಿಲಾನ್ಯಾಸ ಮಾಡಿದರು. ಯೋಜನೆಗೆ ಸೀಬರ್ಡ್ ಎಂದು ಹೆಸರಾಯಿತು. ದುಡ್ಡಿಲ್ಲದೆ ಹತ್ತು ವರ್ಷಕ್ಕೂ ಮೇಲೆ ಕುಂಟಿ, 2005ರ ಮೇ 31ರಂದು ಐಎನ್‌ಎಸ್ ಕದಂಬ ಹೆಸರಿನಲ್ಲಿ ನೆಲೆ ಕಾರ್ಯಾರಂಭ ಮಾಡಿತು. ವಿಮಾನವಾಹಕ ನೌಕೆ ವಿಕ್ರಮಾದಿತ್ಯಕ್ಕೂ ಇದೇ ತವರು. ಈಗ ನಡೆದಿರುವ ಎರಡನೇ ಹಂತದ ಕೆಲಸ ಮುಗಿದರೆ 32 ಯುದ್ಧನೌಕೆ ಮತ್ತು ಜಲಾಂತರ್ಗಾಮಿಗಳು ಇಲ್ಲಿ ತಂಗಬಹುದು. 2025ರ ಏಪ್ರಿಲ್‌ನಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ ಉದ್ಘಾಟಿಸಿದ ಕಾಮಗಾರಿಗಳ ಮೊತ್ತವೇ 2,000 ಕೋಟಿ ರೂಪಾಯಿಗೂ ಹೆಚ್ಚು.

ಗೋಡೆಯ ಒಳಗೆ ಸೇರಿದ ನೆಲ ಖಾಲಿ ಇರಲಿಲ್ಲ. ಅರಗಾ, ಚೆಂಡಿಯಾ, ಅಮದಳ್ಳಿ ಕಡೆಯ ಗದ್ದೆ, ತೆಂಗಿನ ತೋಟ, ದೋಣಿ ಎಳೆಯುವ ಮರಳ ತಡಿ, ದೇವಸ್ಥಾನಗಳನ್ನು ಬಿಟ್ಟು ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದವು. ತೋಡೂರು, ಮುದಗಾ ಮೊದಲಾದ ಕಡೆ ಪುನರ್ವಸತಿ ಕಾಲೊನಿಗಳಾದವು. ಅಲ್ಲಿಯವರಿಗೆ ‘ಸೀಬರ್ಡ್ ನಿರಾಶ್ರಿತರು’ ಎಂಬ ಹೆಸರು ಅಂಟಿ ಎರಡು ತಲೆಮಾರು ಕಳೆಯಿತು. ಏಳುವಾಗ ತೊಟ್ಟಿಲಲ್ಲಿದ್ದವರ ಮಕ್ಕಳೂ ಇಂದು ನಿರಾಶ್ರಿತರೇ. ಹೆಚ್ಚುವರಿ ಪರಿಹಾರದ ಕಡತ ನ್ಯಾಯಾಲಯದಿಂದ ಕಚೇರಿಗೆ, ಕಚೇರಿಯಿಂದ ದೆಹಲಿಗೆ ದಶಕಗಟ್ಟಲೆ ಅಲೆಯಿತು. ‘ಮನೆಗೊಂದು ನೌಕರಿ’ ಎಂಬ ಬೇಡಿಕೆಗಂತೂ ಇಂದಿಗೂ ವಯಸ್ಸಾಗಿಲ್ಲ.

ನೆಲೆಯಿಂದ ಊರಿಗೆ ಸಿಕ್ಕಿದ್ದೇನು ಎಂಬುದು ಭಾನುವಾರದ ಸಂತೆಯಲ್ಲಿ ತಿಳಿದಷ್ಟು ಚೆನ್ನಾಗಿ ಯಾವ ಕಚೇರಿಯಲ್ಲೂ ತಿಳಿಯದು. ಅದರಲ್ಲೂ ಮೇ ತಿಂಗಳ ಕೊನೆಯ ಭಾನುವಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್. ಹಾಗಾಗಿ ಮಳೆಗಾಲದ ಸಾಮಾನು ಕಟ್ಟಿಕೊಳ್ಳುವ ಗಡಿಬಿಡಿ ಆ ದಿನ ಮೇರೆ ಮೀರುತ್ತದೆ. ಕುಮಟೆಯ ಸಿಹಿ ಈರುಳ್ಳಿ ಜಡೆ ಹೆಣೆದಂತೆ ಗೊಂಚಲಾಗಿ ತೂಗುತ್ತಿರುತ್ತದೆ. ಅಂಕೋಲೆಯ ಕರಿ ಇಷಾಡ ಮಾವು ಬುಟ್ಟಿಯಲ್ಲಿದ್ದರೂ ವಾಸನೆ ರಸ್ತೆಯ ಆಚೆ ಬದಿಗೆ ಬರುತ್ತದೆ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಮಾರುವವರಿಗಿಂತ ಪತ್ರಿಕೆಗಳಿಗೆ ದೊಡ್ಡ ಸುದ್ದಿ. ಕೊರಳ ತುಂಬ ಮಣಿಸರ ತೊಟ್ಟ ಹಾಲಕ್ಕಿ ಹೆಂಗಸರು ಬಸಳೆ, ಹರಿವೆ ಹರವಿಕೊಂಡು ಕೂತರೆ, ಘಟ್ಟದ ಮೇಲಿನಿಂದ ಬಂದವರು ಮೆಣಸಿನಕಾಯಿ, ಬೇಳೆಯ ರಾಶಿ ಹಾಕಿರುತ್ತಾರೆ. ಒಣಮೀನಿನ ಸಾಲಿನಲ್ಲಿ ಬಂಗುಡೆ, ಸಿಗಡಿ, ಸೋರೆ. ಗೃಹಿಣಿಯರು ಒಂದೊಂದನ್ನೂ ಮುರಿದು, ಮೂಸಿ, ಉಪ್ಪು ಹೆಚ್ಚಾಯಿತೆಂದು ಜಗಳ ತೆಗೆದು, ಕೊನೆಗೆ ಚೀಲ ತುಂಬಿಸಿಕೊಂಡೇ ಹೋಗುತ್ತಾರೆ.

ಈ ಗದ್ದಲದ ನಡುವೆ ನೇವಿಯವರ ಸಂಸಾರಗಳನ್ನು ಗುರುತಿಸುವುದು ಸುಲಭ. ಹರಿಯಾಣ, ಬಿಹಾರ, ಕೇರಳದಿಂದ ಬಂದ ಈ ಕುಟುಂಬಗಳು ಒಣಮೀನಿನ ಸಾಲನ್ನು ಬಹುಮಟ್ಟಿಗೆ ಮೂಗು ಮುಚ್ಚಿ ದಾಟುತ್ತವೆ. ತಾಜಾ ತರಕಾರಿ, ಬಟಾಟೆ, ಹಣ್ಣಿನ ಮುಂದೆ ನಿಲ್ಲುತ್ತವೆ. ಮೀನು ಮಾರುವ ಹೆಂಗಸರು ಅವರೊಡನೆ ಮಾತಾಡಲು ಹಿಂದಿ ಕಲಿತಿದ್ದಾರೆ. ಕೊಂಕಣಿಯ ಮೇಲೆ ಕಟ್ಟಿದ ಹಿಂದಿ ಅದು, ಲಿಂಗ ವಚನಗಳ ಹಂಗಿಲ್ಲದ್ದು. ಲೆಕ್ಕದಲ್ಲಿ ಮಾತ್ರ ಒಂದು ರೂಪಾಯಿಯೂ ತಪ್ಪದು. ‘ಒಂದನೇ ತಾರೀಕಿನ ವಾರ ವ್ಯಾಪಾರ ಬೇರೆ, ಇಪ್ಪತ್ತೈದರ ವಾರ ಬೇರೆ’ ಎಂಬುದು ಸಂತೆಯ ಸಾಮಾನ್ಯ ಮಾತು. ಸಂಬಳದ ಊರಿನ ಲಕ್ಷಣವೇ ಇದು. ಕೈಗಾ ಅಣುವಿದ್ಯುತ್ ಸ್ಥಾವರದ ನೌಕರರು, ಜಿಲ್ಲಾ ಕಚೇರಿಗಳ ಸಿಬ್ಬಂದಿ, ಈಗ ನೇವಿ: ಕಾರವಾರದ ಪೇಟೆ ಸರಕಾರದ ಸಂಬಳವನ್ನು ನೆಚ್ಚಿಕೊಂಡಿದೆ.

ಆದರೆ ಆ ಸಂಬಳದ ಬಹುಪಾಲು ಗೇಟು ದಾಟುವುದಿಲ್ಲ. ನೆಲೆಗೆ ತನ್ನದೇ ವಸತಿ ಇದೆ, ಶಾಲೆ ಇದೆ, ಕಡಿಮೆ ದರದ ಕ್ಯಾಂಟೀನ್ ಇದೆ, ಪತಂಜಲಿ ಹೆಸರಿನ ಆಸ್ಪತ್ರೆ ಇದೆ. ಅಮದಳ್ಳಿ ಬದಿಯಲ್ಲಿ ಹೆದ್ದಾರಿಯಿಂದಲೇ ಕಾಣುವ ಬಹುಮಹಡಿ ಕಟ್ಟಡಗಳು ತುಂಬಿದಂತೆಲ್ಲ ಊರಿನ ಬಾಡಿಗೆ ಮನೆಗಳು ಖಾಲಿಯಾಗುತ್ತವೆ ಎಂಬ ಚಿಂತೆ ಹಬ್ಬುವಾಡ, ಕೋಡಿಬಾಗದ ಮನೆ ಮಾಲೀಕರದು. ಎರಡನೇ ಹಂತದಿಂದ 7,000 ನೇರ, 20,000 ಪರೋಕ್ಷ ಉದ್ಯೋಗ ಎಂಬುದು ರಕ್ಷಣಾ ಇಲಾಖೆಯ ಲೆಕ್ಕ. ಕಾಮಗಾರಿಯ ಕೂಲಿಗಳಲ್ಲಿ ತುಂಬ ಮಂದಿ ಗುತ್ತಿಗೆದಾರರ ಬೆನ್ನಿಗೆ ಬೇರೆ ರಾಜ್ಯಗಳಿಂದ ಬಂದವರು, ಕೆಲಸ ಮುಗಿದ ದಿನ ಚೀಲ ಹೆಗಲಿಗೇರಿಸುವವರು. ಅವರಿದ್ದಷ್ಟು ದಿನ ಚಹಾದಂಗಡಿ, ಮೊಬೈಲ್ ರಿಚಾರ್ಜ್ ಅಂಗಡಿಗಳಿಗೆ ಸುಗ್ಗಿ.

ಉಳಿಯುವ ಕೆಲಸವೆಂದರೆ ಹಡಗು ರಿಪೇರಿ. ಸಾವಿರಾರು ಟನ್ ತೂಕದ ನೌಕೆಯನ್ನು ನೀರಿನಿಂದೆತ್ತಿ ದಡದ ಮೇಲೆ ಸಾಗಿಸುವ ಶಿಪ್‌ಲಿಫ್ಟ್ ಇಲ್ಲಿದೆ, ಅದಕ್ಕೆ ಹೊಂದಿಕೊಂಡು ನೌಕಾ ದುರಸ್ತಿ ಯಾರ್ಡ್ ಇದೆ. ಯಾರ್ಡಿಗೆ ವೆಲ್ಡಿಂಗ್, ಪೈಪು, ಪೇಂಟು, ಕೇಬಲ್, ಹವಾನಿಯಂತ್ರಣದ ಕೆಲಸ ವರ್ಷವಿಡೀ ಬೇಕು. ಶಿರವಾಡದ ಕೈಗಾರಿಕಾ ವಸಾಹತಿನಲ್ಲಿ ಇಂಥ ಘಟಕಗಳು ಸಾಲುಗಟ್ಟಬೇಕಿತ್ತು. ಖರೀದಿಯೆಲ್ಲ ಸರಕಾರಿ ಇ-ಮಾರುಕಟ್ಟೆ ಮತ್ತು ಟೆಂಡರ್ ಮೂಲಕ ನಡೆಯುವುದರಿಂದ ಹಿಂದಿನ ವರ್ಷಗಳ ವಹಿವಾಟು, ಇಂಥದೇ ಕೆಲಸದ ಅನುಭವ, ಠೇವಣಿ ಎಲ್ಲವನ್ನೂ ಕೇಳುತ್ತಾರೆ. ಮುಂಬೈ, ವಿಶಾಖಪಟ್ಟಣದ ಹಳೆಯ ಸಂಸ್ಥೆಗಳಿಗೆ ಇದು ನೀರು ಕುಡಿದಷ್ಟು ಸುಲಭ. ಬೈತಖೋಲ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ತಳ ಬೆಸೆಯುತ್ತ ಕೈ ಪಳಗಿಸಿಕೊಂಡ ಇಲ್ಲಿಯ ವೆಲ್ಡರನ ಬಳಿ ಕೌಶಲವಿದ್ದರೂ ಕಾಗದವಿಲ್ಲ. ನೆಲೆಯ ಅಗತ್ಯಕ್ಕೆ ತಕ್ಕ ತರಬೇತಿ, ಪ್ರಮಾಣಪತ್ರ, ಸಣ್ಣ ಘಟಕಗಳಿಗೆ ಒಟ್ಟಾಗಿ ಟೆಂಡರ್ ಹಾಕುವ ಅವಕಾಶ ಇಷ್ಟಾದರೆ ಹೊಸ ಕಾರ್ಖಾನೆಯನ್ನು ದೂರದಿಂದ ಕರೆತರುವ ಖರ್ಚು ಉಳಿದೀತು. ಸದ್ಯ ಐಟಿಐ ಮುಗಿಸಿದ ಹುಡುಗರು ಬೆಳಗಿನ ರೈಲು, ಬಸ್ಸು, ಬೈಕು ಹಿಡಿದು ಮಾಜಾಳಿ ಗಡಿ ದಾಟಿ ಗೋವಾದ ಕಾರ್ಖಾನೆ, ಹೋಟೆಲುಗಳಿಗೆ ಹೋಗಿಬರುತ್ತಾರೆ.

ವಾಣಿಜ್ಯ ಬಂದರಿನ ಕತೆ ಇನ್ನೂ ಸಿಕ್ಕು. ಬಳ್ಳಾರಿಯ ಅದಿರು ಹರಿದುಬರುತ್ತಿದ್ದ ಕಾಲದಲ್ಲಿ ಬೈತಖೋಲದ ಧಕ್ಕೆಗೆ ಬಿಡುವಿರಲಿಲ್ಲ. 2010ರಲ್ಲಿ ಅದಿರು ರಫ್ತು ನಿಷೇಧವಾದ ಮೇಲೆ ಅದು ತಣ್ಣಗಾಯಿತು. ಸಾಗರಮಾಲಾ ಯೋಜನೆಯಲ್ಲಿ ಬಂದರು ವಿಸ್ತರಿಸಲು ಟ್ಯಾಗೋರ್ ತೀರದ ಬದಿಗೆ ಅಲೆ ತಡೆಗೋಡೆ ಕಟ್ಟಹೊರಟಾಗ, 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದರು, ಊರು ಬಂದ್ ಆಯಿತು, ವಿಷಯ ಹೈಕೋರ್ಟಿಗೆ ಹೋಯಿತು. ಹೊರಗಿನವರಿಗೆ ಇದು ಅಭಿವೃದ್ಧಿಗೆ ಅಡ್ಡಗಾಲಿನಂತೆ ಕಂಡಿರಬಹುದು. ತೀರದ ಲೆಕ್ಕವೇ ಬೇರೆ. ಬಿಣಗಾದಾಚೆಯ ಮರಳೆಲ್ಲ ನೆಲೆಗೆ ಹೋದ ಮೇಲೆ ಊರಿಗೆ ಉಳಿದ ದೊಡ್ಡ ತಡಿ ಇದೊಂದೇ. ಬಲೆ ಎಳೆಯಲು ಬೇಕಾದದ್ದೂ ಇದೇ.

ಆ ಬಲೆ ರಂಪಣಿ. ಹಲವು ಮನೆಗಳು ತಂತಮ್ಮ ಪಾಲಿನ ಬಲೆ ತಂದು ಜೋಡಿಸಿದಾಗ ಒಂದು ರಂಪಣಿಯಾಗುತ್ತಿತ್ತು. ಬಂಗುಡೆ ಹಿಂಡು ತೀರಕ್ಕೆ ಬಂದರೆ ನೀರಿನ ಬಣ್ಣ ತುಸು ಕಪ್ಪಾಗುತ್ತದೆ. ಅದನ್ನು ದೂರದಿಂದಲೇ ಗುರುತಿಸುವ ಅನುಭವಿಗಳಿದ್ದರು. ದೊಡ್ಡ ದೋಣಿ ಅರ್ಧಚಂದ್ರಾಕಾರದಲ್ಲಿ ಬಲೆ ಬಿಟ್ಟು ಬಂದೊಡನೆ ಎರಡೂ ತುದಿಯ ಹಗ್ಗಕ್ಕೆ ಹತ್ತಾರು ಜನ ಜೋತುಬಿದ್ದು ಗಂಟೆಗಟ್ಟಲೆ ಎಳೆಯುತ್ತಿದ್ದರು. ಹಿಡಿದ ಮೀನು ಬಲೆಗೊಂದು ಪಾಲು, ದೋಣಿಗೊಂದು ಪಾಲು, ಎಳೆದ ಕೈಗಳಿಗೊಂದು ಪಾಲು ಎಂದು ತಡಿಯಲ್ಲೇ ಹಂಚಿಹೋಗುತ್ತಿತ್ತು. ಹಗ್ಗ ಮುಟ್ಟಿದ ಮುದುಕನೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದು ಹಿಂಡನ್ನು ಆಳದಲ್ಲೇ ಸುತ್ತುವರಿಯತೊಡಗಿದವು, ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ಈಗ ಅದರ ತಂಗಿಯಂತಿರುವ ಎಂಡಿ ಬಲೆಯನ್ನು ಆಗೊಮ್ಮೆ ಈಗೊಮ್ಮೆ ಎಳೆಯುವುದುಂಟು. ಆಗ ವಾಯುವಿಹಾರಕ್ಕೆ ಬಂದವರು ಸುತ್ತ ನೆರೆದು ಮೊಬೈಲ್ ಎತ್ತುತ್ತಾರೆ. ಹಗ್ಗಕ್ಕೆ ಕೈ ಕೊಡುವವರು ಕಡಿಮೆ.

ಪ್ರವಾಸೋದ್ಯಮವೇ ಊರಿನ ದಾರಿ ಎಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಕಾಳಿಯ ಅಳಿವೆ, ದೇವಬಾಗದ ಗಾಳಿಮರಗಳು, ತಿಳಮಾತಿಯ ಕಪ್ಪು ಮರಳು, ಕುರುಮಗಡದ ನರಸಿಂಹ ಜಾತ್ರೆ, ಸದಾಶಿವಗಡ ಎಲ್ಲವೂ ಹತ್ತಿರದಲ್ಲಿವೆ. ವಿಚಿತ್ರವೆಂದರೆ ಟ್ಯಾಗೋರ್ ತೀರದಲ್ಲಿ ಟಿಕೆಟ್ ಕೊಂಡು ನೋಡುವ ದೊಡ್ಡ ಆಕರ್ಷಣೆಗಳು ಎರಡೂ ನೌಕಾಪಡೆಯಿಂದ ನಿವೃತ್ತವಾದ ವಸ್ತುಗಳು: ಕ್ಷಿಪಣಿ ನೌಕೆ ಐಎನ್‌ಎಸ್ ಚಪಲ್ ಮತ್ತು 1988ರಿಂದ 2017ರವರೆಗೆ ಸೇವೆಯಲ್ಲಿದ್ದ ಟುಪೊಲೆವ್ 142 ಮಾದರಿಯ ಕಣ್ಗಾವಲು ವಿಮಾನ. ಮಕ್ಕಳಿಗಂತೂ ವಿಮಾನದ ಒಳಹೊಕ್ಕು ಬರುವುದೇ ಹಬ್ಬ. ಆದರೆ ನೋಡಿ ಮುಗಿಸಿದ ಕಾರುಗಳು ಸಂಜೆಗೆ ಗೋವಾದತ್ತ ತಿರುಗುತ್ತವೆ. ರಾತ್ರಿ ತಂಗಿಸಿಕೊಳ್ಳುವ ಕಲೆ ಕಾರವಾರಕ್ಕೆ ಇನ್ನೂ ಒಲಿದಿಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮ, ಕಾಡಿನ ಕಾನೂನು, ರಕ್ಷಣಾ ಪ್ರದೇಶದ ನಿರ್ಬಂಧ ಮೂರೂ ಸೇರಿದಾಗ ಹೋಟೆಲು ಕಟ್ಟಬಲ್ಲ ಜಾಗವೂ ಅಷ್ಟಿಷ್ಟೇ.

ಬಂಡವಾಳ ಹೂಡುವವರು ಮೊದಲು ಕೇಳುವುದು ರಸ್ತೆ, ರೈಲು, ಆಸ್ಪತ್ರೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ತೆಂಕಣದ ಹೆದ್ದಾರಿ ಮುಚ್ಚಿತು. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಬಡಗಣದಲ್ಲಿ ಕಾಳಿಯ ಹಳೆಯ ಸೇತುವೆಯೇ ಕುಸಿಯಿತು. ಲಾರಿ ಸಮೇತ ನದಿಗೆ ಬಿದ್ದ ಚಾಲಕ ಬದುಕಿ ಬಂದ. ಗೋವಾ ಕಡೆಗಿನ ಎರಡೂ ದಿಕ್ಕಿನ ವಾಹನಗಳು ಪಕ್ಕದ ಹೊಸ ಸೇತುವೆಯೊಂದನ್ನೇ ನೆಚ್ಚಬೇಕಾಯಿತು. ಕೊಂಕಣ ರೈಲ್ವೆಯಿಂದ ಶಿರವಾಡದ ನಿಲ್ದಾಣಕ್ಕೆ ರೈಲು ಬಂದಿದೆ, ಬೆಂಗಳೂರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಓಡುತ್ತದೆ. ಆದರೆ 1990ರ ದಶಕದ ಕೊನೆಯಲ್ಲಿ ಮಂಜೂರಾದ ಸುಮಾರು 164 ಕಿ.ಮೀ. ಹುಬ್ಬಳ್ಳಿ–ಅಂಕೋಲಾ ಮಾರ್ಗ ಘಟ್ಟದ ಕಾಡಿನ ತಕರಾರಿನಲ್ಲಿ ಸಿಕ್ಕಿಕೊಂಡಿದೆ. ಊರಿನಲ್ಲಿ ವೈದ್ಯಕೀಯ ಕಾಲೇಜಿದ್ದರೂ ಗಂಭೀರ ಕಾಯಿಲೆಗೆ ಗೋವಾ, ಮಣಿಪಾಲ, ಹುಬ್ಬಳ್ಳಿಯೇ ಗತಿ. 2022ರಲ್ಲಿ ‘ಆಸ್ಪತ್ರೆ ಇಲ್ಲದಿದ್ದರೆ ವೋಟಿಲ್ಲ’ ಎಂದು ಜಿಲ್ಲೆಯ ಜನ ಅಭಿಯಾನ ನಡೆಸಿದ್ದು ಇದೇ ಸಿಟ್ಟಿನಿಂದ.

ಇನ್ನು ವಿಮಾನ ನಿಲ್ದಾಣ. ಅಂಕೋಲಾ ತಾಲ್ಲೂಕಿನ ಅಲಗೇರಿಯಲ್ಲಿ 2,700 ಮೀಟರ್ ರನ್‌ವೇಯ ನೌಕಾ ವಾಯುನೆಲೆ ಯೋಜಿತವಾಗಿದ್ದು, ಅದಕ್ಕೆ ಅಂಟಿಕೊಂಡು ನಾಗರಿಕ ಟರ್ಮಿನಲ್ ಕೂಡ ಬರಬೇಕಿದೆ. ಗೋವಾದ ದಾಬೋಲಿಮ್ ಇದೇ ಮಾದರಿಯದು: ನೌಕಾಪಡೆಯ ರನ್‌ವೇ, ಪಕ್ಕದಲ್ಲಿ ನಾಗರಿಕರ ಬಾಗಿಲು, ಆ ಬಾಗಿಲಿನಿಂದ ದಶಕಗಳ ಕಾಲ ಒಳಬಂದ ಪ್ರವಾಸಿಗರು. ಕಾರವಾರದ ವ್ಯಾಪಾರಿಗಳು ಕಣ್ಣಿಟ್ಟಿರುವುದು ಈ ಬಾಗಿಲಿನ ಮೇಲೆ, ಏಕೆಂದರೆ ನೆಲೆಯ ಆಸ್ತಿಯೊಂದರಲ್ಲಿ ಊರಿಗೂ ಪಾಲು ಸಿಗುವ ಮೊದಲ ಸಂದರ್ಭ ಇದು. ಅಲಗೇರಿಯ ರೈತರು ಕಣ್ಣಿಟ್ಟಿರುವುದು ಪರಿಹಾರದ ದರ ಮತ್ತು ಮನೆಗೊಂದು ನೌಕರಿಯ ಮೇಲೆ. ತೋಡೂರಿನ ಕಾಲೊನಿ ಅವರಿಗೆ ಅಷ್ಟೇನೂ ದೂರವಿಲ್ಲ. ಬಸ್ಸಿನಲ್ಲಿ ಕಾರವಾರಕ್ಕೆ ಹೋಗುವಾಗಲೆಲ್ಲ ದಾರಿಯಲ್ಲೇ ಸಿಗುತ್ತದೆ.